ಏಳನೇ ಕ್ಲಾಸ್ ಮುಗೀತು, ಮುಂದೆ ಯಾವ ಸರ್ಕಾರಿ ಹೈಸ್ಕೂಲ್? ಹತ್ತಿರದ ಶಾಲೆಗಳನ್ನು ಹೋಲಿಸಿ ನೋಡುವ ಬಗೆ

ಬೆಂಗಳೂರಿನ ಸರ್ಕಾರಿ ಶಾಲೆಯಲ್ಲಿ ಮಗು ಏಳನೇ ಕ್ಲಾಸ್ ಮುಗಿಸುತ್ತಿದೆ ಅಂದರೆ ಏಪ್ರಿಲ್ ಬರುವಷ್ಟರಲ್ಲಿ ಮನೆಯಲ್ಲಿ ಒಂದೇ ಮಾತು. ಎಂಟಕ್ಕೆ ಎಲ್ಲಿಗೆ ಸೇರಿಸೋಣ? ನಮ್ಮ ಮನೆ ಶ್ರೀರಾಂಪುರದಲ್ಲಿ. ಮಗಳು ಓದುತ್ತಿದ್ದ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಪಕ್ಕದಲ್ಲಿ ರಾಜಾಜಿನಗರ, ರೈಲ್ವೆ ಹಳಿ ದಾಟಿದರೆ ಮಲ್ಲೇಶ್ವರ. ನಡೆದು ಹೋಗುವಷ್ಟು ದೂರದಲ್ಲೋ ಒಂದೇ ಬಸ್ಸಿನಲ್ಲೋ ಮುಟ್ಟಬಹುದಾದ ನಾಲ್ಕೈದು ಶಾಲೆಗಳಿದ್ದವು. ಕೇಳಿದವರೆಲ್ಲ ಒಂದೊಂದು ಹೆಸರು ಹೇಳಿದರು. ಯಾಕೆ ಅದೇ ಅಂತ ಕೇಳಿದರೆ ಮಾತ್ರ "ಅಲ್ಲಿ ಚೆನ್ನಾಗಿದೆಯಂತೆ" ಅನ್ನುವುದು ಬಿಟ್ಟು ಬೇರೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ನಾನೇ ಒಂದು ನೋಟ್‌ಬುಕ್ ಹಿಡಿದುಕೊಂಡು ಸುತ್ತಿದೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಗಳ ಹೆಸರು ಹಾಕುವುದಿಲ್ಲ. ಒಬ್ಬ ಗಣಿತದ ಮೇಷ್ಟ್ರಿಗೆ ವರ್ಗವಾದರೆ ಸಾಕು, ಒಂದೇ ವರ್ಷದಲ್ಲಿ ಶಾಲೆಯ ಕಥೆ ಬದಲಾಗುತ್ತದೆ. ಈ ವರ್ಷ ನಾನು ಒಳ್ಳೆಯದು ಅಂದ ಶಾಲೆ ಮುಂದಿನ ವರ್ಷ ಹಾಗೇ ಇರುತ್ತದೆ ಅನ್ನಲು ಆಗುವುದಿಲ್ಲ. ನೋಡುವುದು ಹೇಗೆ ಅಂತ ಗೊತ್ತಿದ್ದರೆ ನಿಮ್ಮ ಬಡಾವಣೆಯಲ್ಲಿ ನೀವೇ ನೋಡಿಕೊಳ್ಳಬಹುದು.

ಮೊದಲೇ ಹೇಳಿಬಿಡುತ್ತೇನೆ. ಕಟ್ಟಡ, ಬಣ್ಣ, ಸ್ಮಾರ್ಟ್ ಕ್ಲಾಸ್ ಬೋರ್ಡು ಎಲ್ಲ ಆಮೇಲೆ. ಎಂಟರಿಂದ ಹತ್ತರವರೆಗೆ ಪ್ರತಿ ವಿಷಯಕ್ಕೂ ಪಾಠ ಮಾಡುವವರು ಇದ್ದಾರಾ, ಎಂಟಕ್ಕೆ ಸೇರಿದ ಮಕ್ಕಳಲ್ಲಿ ಎಷ್ಟು ಜನ ಹತ್ತರ ಪರೀಕ್ಷೆ ತನಕ ಉಳಿಯುತ್ತಾರೆ, ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಯಾವ ಯಾವ ಶಾಲೆ ಇದೆ ಅಂತ ಮೊದಲು ಪಟ್ಟಿ ಮಾಡಿ

ಸರ್ಕಾರಿ ಹೈಸ್ಕೂಲ್ ಅಂದರೆ ಒಂದೇ ಥರ ಅಲ್ಲ. ಶಿಕ್ಷಣ ಇಲಾಖೆಯ ಪ್ರೌಢಶಾಲೆಗಳಿವೆ. ಪಾಲಿಕೆಯ ಶಾಲೆಗಳಿವೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ, ಆದರೆ ಜನರ ಬಾಯಲ್ಲಿ ಅವು ಇನ್ನೂ ಬಿಬಿಎಂಪಿ ಶಾಲೆಗಳೇ. ಆಮೇಲೆ ಅನುದಾನಿತ ಶಾಲೆಗಳು. ಇವನ್ನು ನಡೆಸುವುದು ಖಾಸಗಿ ಆಡಳಿತ ಮಂಡಳಿ, ಮಂಜೂರಾದ ಹುದ್ದೆಗಳ ಸಂಬಳ ಮಾತ್ರ ಸರ್ಕಾರದ್ದು. ಕೆಲವು ಕಡೆ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದೆ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡಿನಲ್ಲಿ.

ತುಂಬಾ ಜನ ತಪ್ಪಿಸಿಕೊಳ್ಳುವ ಇನ್ನೊಂದು ಬಗೆ ಇದೆ. ಗೇಟಿನ ಮೇಲೆ "ಸರ್ಕಾರಿ ಪದವಿಪೂರ್ವ ಕಾಲೇಜು" ಅಂತ ದೊಡ್ಡದಾಗಿ ಬರೆದಿರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ "ಪ್ರೌಢಶಾಲಾ ವಿಭಾಗ" ಅಂತ. ಇದು ಕಾಲೇಜು ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಒಳಗೆ ಎಂಟು, ಒಂಬತ್ತು, ಹತ್ತು ನಡೆಯುತ್ತಿರುತ್ತದೆ. ಅಲ್ಲಿ ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಅಂತ ಇರುವುದಿಲ್ಲ, ಉಪಪ್ರಾಂಶುಪಾಲರು ಇರುತ್ತಾರೆ. ಹೋದಾಗ ಅವರನ್ನೇ ಕೇಳಿ. ಪ್ರಾಂಶುಪಾಲರ ಕೋಣೆ ಮುಂದೆ ಕಾದರೆ ಸುಮ್ನೆ ಅರ್ಧ ದಿನ ಹೋಗುತ್ತದೆ.

ಪ್ರತಿ ಶಾಲೆಗೂ ಒಂದು ಯುಡೈಸ್ ಸಂಖ್ಯೆ ಇರುತ್ತದೆ, ಅಂದರೆ ದೇಶದ ಶಾಲೆಗಳ ಮಾಹಿತಿ ಸಂಗ್ರಹದಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ. 11 ಅಂಕಿ, ಕರ್ನಾಟಕದ್ದಾದರೆ 29ರಿಂದ ಶುರು. ಸಾಮಾನ್ಯವಾಗಿ ಗೇಟಿನ ಪಕ್ಕದ ಗೋಡೆ ಮೇಲೋ ಆಫೀಸಿನ ಬಾಗಿಲ ಹತ್ತಿರವೋ ಬರೆದಿರುತ್ತಾರೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಶೌಚಾಲಯ ಎಷ್ಟು, ಕಂಪ್ಯೂಟರ್ ಎಷ್ಟು ಅಂತ ಮೊಬೈಲ್‌ನಲ್ಲೇ ಸಿಗುತ್ತದೆ. ಆದರೆ ಅದು ಹಿಂದಿನ ವರ್ಷದ ಲೆಕ್ಕ ಅನ್ನುವುದು ನೆನಪಿರಲಿ. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಇರುವ ಶಾಲೆಯಾದರೆ ಶಿಕ್ಷಕರ ಸಂಖ್ಯೆಯಲ್ಲಿ ಪ್ರೈಮರಿಯವರೂ ಸೇರಿರುತ್ತಾರೆ. ಹದಿನೈದು ಜನ ಇದ್ದಾರೆ ಅಂತ ಖುಷಿಯಾಗಿ ಹೋದರೆ ಹೈಸ್ಕೂಲಿಗೆ ಆರೇ ಜನ ಇರಬಹುದು. ಅಲ್ಲಿ ಸಿಕ್ಕಿದ್ದನ್ನು ಬರೆದುಕೊಂಡು ಹೋಗಿ, ಉಳಿದದ್ದು ಶಾಲೆಯಲ್ಲೇ ಗೊತ್ತಾಗಬೇಕು.

ಫಲಿತಾಂಶದ ಬೋರ್ಡು ಓದುವುದು ಹೇಗೆ

ಹೆಡ್‌ಮಾಸ್ಟರ್ ಕೋಣೆಗೆ ಹೋದರೆ ಗೋಡೆಯ ಮೇಲೆ ಒಂದು ಕಪ್ಪು ಬೋರ್ಡು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಿಳಿ ಬಣ್ಣದಲ್ಲಿ ಗೆರೆ ಹೊಡೆದು ವರ್ಷ, ಹಾಜರಾದವರು, ಉತ್ತೀರ್ಣರಾದವರು, ಶೇಕಡಾ ಅಂತ ಕಾಲಂ ಮಾಡಿರುತ್ತಾರೆ. ನಮ್ಮ ಕಣ್ಣು ನೇರ ಕೊನೆಯ ಕಾಲಂಗೆ ಹೋಗುತ್ತದೆ, ಅಲ್ವಾ? ಅದನ್ನು ಕೊನೆಗೆ ನೋಡಿ. ಮೊದಲು "ಹಾಜರಾದವರು" ಕಾಲಂ ನೋಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಶಾಲೆಯಲ್ಲಿ 20 ಮಕ್ಕಳು ಪರೀಕ್ಷೆಗೆ ಕೂತು 19 ಮಕ್ಕಳು ಪಾಸಾದರು. ಶೇ. 95. ಇನ್ನೊಂದರಲ್ಲಿ 110 ಮಕ್ಕಳು ಕೂತು 88 ಪಾಸಾದರು. ಶೇ. 80. ಮೊದಲನೆಯದೇ ಒಳ್ಳೆಯದು ಅನ್ನಿಸುತ್ತದೆ. ಈಗ ಎರಡು ವರ್ಷದ ಹಿಂದೆ ಇದೇ ಮಕ್ಕಳು ಎಂಟನೇ ಕ್ಲಾಸಿನಲ್ಲಿದ್ದಾಗ ಎಷ್ಟು ಜನ ಇದ್ದರು ಅಂತ ಕೇಳಿ. ಮೊದಲನೇ ಶಾಲೆಯಲ್ಲಿ 38, ಎರಡನೆಯದರಲ್ಲಿ 115 ಅಂತ ಉತ್ತರ ಬಂದರೆ ಲೆಕ್ಕ ತಲೆಕೆಳಗಾಯಿತು. ಮೊದಲನೇ ಶಾಲೆಯಲ್ಲಿ ಸೇರಿದವರಲ್ಲಿ ಅರ್ಧ ಮಾತ್ರ ದಡ ಸೇರಿದರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವವರು, ಕೆಲಸ ಬಿಟ್ಟು ಊರಿಗೆ ವಾಪಸ್ ಹೋಗುವವರು ಇದ್ದೇ ಇರುತ್ತಾರೆ, ನಾಲ್ಕೈದು ಮಕ್ಕಳು ಕಮ್ಮಿಯಾಗುವುದು ಸಹಜ. ಅರ್ಧ ತರಗತಿಯೇ ಕಾಣೆಯಾದರೆ ಯಾಕೆ ಅಂತ ಕೇಳಲೇಬೇಕು. ಓದು ಹಿಂದಿರುವ ಮಕ್ಕಳನ್ನು ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವ ಶಾಲೆ ನನಗೆ ಬೇಡ. ನಾಳೆ ನನ್ನ ಮಗುವೇ ಒಂದು ವಿಷಯದಲ್ಲಿ ಹಿಂದೆ ಬೀಳಬಹುದು.

ವರ್ಷಗಳನ್ನು ಅಡ್ಡಡ್ಡ ಹೋಲಿಸಲು ಹೋಗಬೇಡಿ. 2021ರಲ್ಲಿ ಕೋವಿಡ್ ಅಂತ ಎರಡೇ ದಿನದ ಬಹು ಆಯ್ಕೆ ಪರೀಕ್ಷೆ ನಡೆದು ಹೆಚ್ಚುಕಮ್ಮಿ ಎಲ್ಲರೂ ಪಾಸಾದರು, ಆ ಸಾಲನ್ನು ಬಿಟ್ಟೇಬಿಡಿ. 2023ರಲ್ಲಿ ಇಡೀ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಗ್ರೇಸ್ ಅಂಕ ಜಾಸ್ತಿ ಕೊಟ್ಟರೂ ಶೇ. 73.40ಕ್ಕೆ ಇಳಿಯಿತು. ಹಾಗಾಗಿ ಒಂದು ಶಾಲೆಯ 2023ನ್ನು ಇನ್ನೊಂದು ಶಾಲೆಯ 2024ರ ಪಕ್ಕ ಇಟ್ಟರೆ ಅರ್ಥವಿಲ್ಲ. 2024ರಿಂದ ಈಚೆಗಿನ ವರ್ಷಗಳನ್ನು ಮಾತ್ರ ತೆಗೆದುಕೊಳ್ಳಿ, ಒಂದೇ ವರ್ಷದಲ್ಲಿ ಎಲ್ಲ ಶಾಲೆಗಳನ್ನೂ ನೋಡಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ. ಕೆಲವರು ಎಲ್ಲವೂ ಮುಗಿದ ಮೇಲಿನ ಲೆಕ್ಕ ಹೇಳುತ್ತಾರೆ. "ಪರೀಕ್ಷೆ ಒಂದರ ಫಲಿತಾಂಶ ಹೇಳಿ ಸರ್" ಅಂತಲೇ ಕೇಳಿ.

ಇನ್ನೂ ಒಂದು ಮಾತು ಕೇಳಬೇಕು. ಒಟ್ಟು 625 ಅಂಕದಲ್ಲಿ 375 ದಾಟಿದವರು, ಅಂದರೆ ಪ್ರಥಮ ದರ್ಜೆ ಬಂದವರು ಎಷ್ಟು? ಫೇಲಾದವರು ಜಾಸ್ತಿ ಯಾವ ವಿಷಯದಲ್ಲಿ? ಹೆಚ್ಚಿನ ಕಡೆ ಗಣಿತ, ವಿಜ್ಞಾನ ಅಂತಲೇ ಬರುತ್ತದೆ. ಇಂಗ್ಲಿಷಿನಲ್ಲಿ ಇಷ್ಟು, ಗಣಿತದಲ್ಲಿ ಇಷ್ಟು ಅಂತ ಥಟ್ ಅಂತ ಹೇಳುವ ಹೆಡ್‌ಮಾಸ್ಟರ್ ಸಿಕ್ಕರೆ ಆ ಶಾಲೆಯ ಪಕ್ಕ ಒಂದು ಟಿಕ್ ಹಾಕಿ. ಅವರು ಕೂತು ನೋಡಿದ್ದಾರೆ ಅಂತ ಅರ್ಥ.

ಮೇಷ್ಟ್ರುಗಳ ಲೆಕ್ಕ

ಇದಕ್ಕೆ ಜಾಸ್ತಿ ಸಮಯ ಕೊಡಿ.

ಹೈಸ್ಕೂಲಿನಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜಕ್ಕೆ ಒಬ್ಬೊಬ್ಬರು, ಗಣಿತ ಮತ್ತು ಭೌತಶಾಸ್ತ್ರದ ಕಡೆಗೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಶಿಕ್ಷಕರು, ಜೀವಶಾಸ್ತ್ರದ ಕಡೆಗೆ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರು, ಜೊತೆಗೆ ಪಿಟಿ ಮೇಷ್ಟ್ರು, ಸಿಕ್ಕರೆ ಡ್ರಾಯಿಂಗ್ ಮೇಷ್ಟ್ರು. ಶಾಲೆಯವರು ಮಾತಾಡುವುದೇ ಹೀಗೆ, "ನಮ್ಮಲ್ಲಿ ಪಿಸಿಎಂ ಇಲ್ಲ, ಸಿಬಿಝಡ್‌ನವರೇ ಮ್ಯಾಥ್ಸ್ ತಗೋತಾರೆ" ಅಂತ. ಈ ಮಾತು ಕೇಳಿದರೆ ಕಿವಿ ನೆಟ್ಟಗಾಗಬೇಕು. ಹತ್ತನೇ ಕ್ಲಾಸಿನ ಗಣಿತವನ್ನು ಗಣಿತ ಓದದವರು ಎಷ್ಟೇ ಶ್ರದ್ಧೆಯಿಂದ ಹೇಳಿಕೊಟ್ಟರೂ ಮಕ್ಕಳಿಗೆ ಕಷ್ಟ.

"ಶಿಕ್ಷಕರು ಇದ್ದಾರಾ" ಅಂತ ಕೇಳಬೇಡಿ, ಇದ್ದಾರೆ ಅನ್ನುತ್ತಾರೆ. ಬೇರೆ ಥರ ಕೇಳಿ. ಗಣಿತದವರು ಕಾಯಂ ಶಿಕ್ಷಕರಾ, ಅತಿಥಿ ಶಿಕ್ಷಕರಾ? ಎಷ್ಟು ವರ್ಷದಿಂದ ಇಲ್ಲಿದ್ದಾರೆ? ಈ ವರ್ಷ ನಿವೃತ್ತಿ ಆಗುವವರು ಯಾರಾದರೂ ಇದ್ದಾರಾ? ನಿಯೋಜನೆ ಮೇಲೆ ಬೇರೆ ಕಡೆ ಹೋದವರು ಇದ್ದಾರಾ? ಈ ಕೊನೆಯದು ಮುಖ್ಯ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಸಂಬಳ ಈ ಶಾಲೆಯ ಲೆಕ್ಕದಲ್ಲೇ ಹೋಗುತ್ತದೆ, ಆದರೆ ಕೆಲಸ ಇನ್ಯಾವುದೋ ಕಚೇರಿಯಲ್ಲಿ. ಯುಡೈಸ್‌ನಲ್ಲಿ ಎಣಿಕೆ ಸರಿಯಾಗಿಯೇ ಕಾಣುತ್ತದೆ, ಕ್ಲಾಸಿನಲ್ಲಿ ಮಾತ್ರ ಕುರ್ಚಿ ಖಾಲಿ.

ಅತಿಥಿ ಶಿಕ್ಷಕರು ಅಂದರೆ ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಮಗಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟ ಅತಿಥಿ ಮಿಸ್ ಥರ ಪಾಠ ಮಾಡುವವರನ್ನು ನಾನು ನೋಡಿಲ್ಲ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಶಾಲೆ ಮೇ ಕೊನೆಗೆ ಶುರುವಾಗುತ್ತದೆ, ಅವರನ್ನು ತೆಗೆದುಕೊಳ್ಳುವುದು ಆಮೇಲೆ. ಪ್ರತಿ ವರ್ಷ ಹೊಸದಾಗಿ ನೇಮಕ, ಮುಂದಿನ ವರ್ಷ ಅವರೇ ಬರುತ್ತಾರೆ ಅನ್ನುವ ಭರವಸೆ ಇಲ್ಲ. ಅದಕ್ಕೇ "ಹೋದ ವರ್ಷ ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು" ಅಂತ ಕೇಳಿ. ಜೂನ್ ಅಂದರೆ ಪರವಾಗಿಲ್ಲ. ಆಗಸ್ಟ್ ಅಂದರೆ ಎರಡು ತಿಂಗಳ ಪಾಠ ಹೋಯಿತು. ಅನುದಾನಿತ ಶಾಲೆಯಲ್ಲೂ ಇದೇ ಪ್ರಶ್ನೆ ಹಾಕಿ, ಯಾಕೆಂದರೆ ಅಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ತುಂಬದೆ ಇರುವುದುಂಟು. ಆಡಳಿತ ಮಂಡಳಿಯೇ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಂಡಿದೆಯಾ, ಆ ದುಡ್ಡು ಯಾವ ಹೆಸರಿನಲ್ಲಿ ನಮ್ಮಿಂದ ಬರುತ್ತದೆ, ರಸೀದಿ ಕೊಡುತ್ತಾರಾ ಅಂತ ಕೇಳಿಕೊಳ್ಳಿ.

ಸಾಧ್ಯವಾದರೆ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿರುವ ವೇಳಾಪಟ್ಟಿ ನೋಡಿ. ನಾನು ಹೋದ ಒಂದು ಶಾಲೆಯಲ್ಲಿ ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅಂದವಾಗಿ ಬರೆದಿದ್ದರು. ಎಂಟನೇ ಕ್ಲಾಸಿನ ಸಾಲಿನಲ್ಲಿ ಗಣಿತದ ಮನೆಗಳ ಮೇಲೆ ಮಾತ್ರ ಪೆನ್ಸಿಲಿನಲ್ಲಿ ಬೇರೆ ಹೆಸರು ಬರೆದು, ಅಳಿಸಿ, ಮತ್ತೆ ಇನ್ನೊಂದು ಬರೆದು ಹಾಳೆಯೇ ಸವೆದುಹೋಗಿತ್ತು. ನಾನು ಏನೂ ಕೇಳಲಿಲ್ಲ. ಪಕ್ಕದಲ್ಲಿದ್ದ ಇಂಗ್ಲಿಷ್ ಮಿಸ್ ಅವರೇ ಹೇಳಿದರು, "ಏನ್ಮಾಡೋದಮ್ಮಾ, ಖಾಲಿ ಬಿಡಕ್ಕಾಗಲ್ಲ, ನಾವೇ ಹೋಗಿ ಕೂತ್ಕೋತೀವಿ." ಅವರ ಮುಖ ನೋಡಿ ಬೇಜಾರಾಯಿತು. ತಪ್ಪು ಅವರದ್ದಲ್ಲ. ಆದರೂ ಆ ಶಾಲೆಯನ್ನು ನಾನು ಪಟ್ಟಿಯಿಂದ ತೆಗೆಯಬೇಕಾಯಿತು.

ಪಾಠ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರು ಹೋಗುವುದು ಎಲ್ಲ ಶಾಲೆಗೂ ಇದ್ದದ್ದೇ. ಚುನಾವಣೆ, ಸಮೀಕ್ಷೆ, ತರಬೇತಿ. 2025ರಲ್ಲಿ ಜಾತಿ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಆಮೇಲೆ ಆ ಪಾಠ ಹೇಗೆ ಸರಿದೂಗಿಸಿದಿರಿ ಅಂತ ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಹೋಗುವುದು ಯಾವಾಗ, ನೋಡುವುದು ಏನು

ರಜೆಯಲ್ಲಿ ಹೋದರೆ ಬೀಗ ನೋಡಿಕೊಂಡು ಬರಬೇಕು. ಫೆಬ್ರವರಿಯಲ್ಲೋ ಮಾರ್ಚ್ ಮೊದಲಲ್ಲೋ, ಶಾಲೆ ನಡೆಯುವಾಗ ಹೋಗಿ. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ಹೋದರೆ ಪಾಠವೂ ಕಾಣುತ್ತದೆ, ಊಟವೂ ಕಾಣುತ್ತದೆ. ಎಂಟು, ಒಂಬತ್ತರ ಕ್ಲಾಸಿನ ಮುಂದೆ ಒಮ್ಮೆ ನಡೆದು ಬನ್ನಿ. ಎಲ್ಲ ಶಾಲೆಗಳೂ ಹತ್ತನೇ ಕ್ಲಾಸಿಗೆ ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು ಅಂತ ಒದ್ದಾಡುತ್ತವೆ. ಎಂಟರಲ್ಲಿ ಏನು ನಡೆಯುತ್ತಿದೆ ಅನ್ನುವುದರಲ್ಲಿ ಶಾಲೆ ಗೊತ್ತಾಗುತ್ತದೆ.

ಹೆಣ್ಣುಮಕ್ಕಳ ತಾಯಂದಿರಿಗೆ ನನ್ನ ಒಂದು ಮಾತು. ಶೌಚಾಲಯದ ಒಳಗೆ ಹೋಗಿ ನೋಡಿ, ಹೊರಗಿಂದ ಅಲ್ಲ. ನಲ್ಲಿ ತಿರುಗಿಸಿ. ಬಾಗಿಲ ಚಿಲಕ ಹಾಕಿ ನೋಡಿ. ಒಂದು ಕಡೆ ಟೈಲ್ಸ್ ಹೊಳೆಯುತ್ತಿತ್ತು, ಆದರೆ ಮೂರು ಬಾಗಿಲಲ್ಲಿ ಎರಡಕ್ಕೆ ಚಿಲಕ ಇರಲಿಲ್ಲ, ಒಂದಕ್ಕೆ ಹಳೇ ದುಪಟ್ಟಾದ ತುಂಡು ಕಟ್ಟಿದ್ದರು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಆ ತುಂಡು ಹಿಡಿದುಕೊಂಡು ಹೊರಗೆ ನಿಲ್ಲಬೇಕು. ಇಂಥ ಕಡೆ ಹೆಣ್ಣುಮಕ್ಕಳು ದಿನವಿಡೀ ನೀರೇ ಕುಡಿಯುವುದಿಲ್ಲ. ತಿಂಗಳ ಆ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ. ಶುಚಿ ಯೋಜನೆಯ ಪ್ಯಾಡ್ ಬರುತ್ತದಾ, ಎಲ್ಲಿ ಹಾಕಬೇಕು, ಯಾವ ಮಿಸ್ ಹತ್ತಿರ ಕೇಳಬೇಕು, ಇದನ್ನು ಅಲ್ಲಿನ ಹುಡುಗಿಯರನ್ನೇ ಕೇಳಿ. ನಾಚಿಕೆ ಪಟ್ಟರೂ ನಿಜ ಹೇಳುತ್ತಾರೆ.

ಲ್ಯಾಬ್ ತೋರಿಸಿ ಅನ್ನಿ. ಬೀಗದ ಕೈ ಹುಡುಕಲು ಎಷ್ಟು ಹೊತ್ತಾಯಿತು ಅನ್ನುವುದೇ ಒಂದು ಉತ್ತರ. ಹತ್ತನೇ ಕ್ಲಾಸಿಗೆ ವಿಜ್ಞಾನದಲ್ಲಿ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇಲ್ಲದ ಕಾರಣ ಎಷ್ಟೋ ಕಡೆ ಪ್ರನಾಳಗಳ ಮೇಲೆ ಧೂಳು ಕೂತಿರುತ್ತದೆ. ಊಟ, ಹಾಲು, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರ ಇವೆಲ್ಲ ಸರ್ಕಾರಿ ಶಾಲೆಗಳಲ್ಲಿ ಒಂದೇ ಥರ ಸಿಗುವುದರಿಂದ ಹೋಲಿಕೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎನ್‌ಎಂಎಂಎಸ್ ಬಗ್ಗೆ ಮಾತ್ರ ಮರೆಯದೆ ಕೇಳಿ. ಎಂಟನೇ ಕ್ಲಾಸಿನಲ್ಲಿ ನಡೆಯುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ಆದಾಯ ವರ್ಷಕ್ಕೆ 3.5 ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. "ಕಳೆದ ವರ್ಷ ಎಷ್ಟು ಮಕ್ಕಳನ್ನು ಕೂರಿಸಿದಿರಿ, ಎಷ್ಟು ಜನಕ್ಕೆ ಬಂತು" ಅಂತ ಕೇಳಿ. ಎಂಟನೇ ಕ್ಲಾಸಿನ ಮಕ್ಕಳಿಗಾಗಿ ಯಾರಾದರೂ ಮೇಷ್ಟ್ರು ಶನಿವಾರ ಮಧ್ಯಾಹ್ನ ಉಳಿದು ಹಳೇ ಪ್ರಶ್ನೆಪತ್ರಿಕೆ ಮಾಡಿಸುತ್ತಾರೆ ಅಂತ ಗೊತ್ತಾದರೆ, ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಗುರುತು ಇಲ್ಲ. ನಾನು ಕೊನೆಗೆ ಒಂದು ಶಾಲೆ ಗಟ್ಟಿ ಮಾಡಿಕೊಂಡದ್ದು ಇದೇ ಕಾರಣಕ್ಕೆ.

ಮಾಧ್ಯಮ, ದಾರಿ

ಕನ್ನಡ ಮಾಧ್ಯಮವಾ ಇಂಗ್ಲಿಷ್ ಮಾಧ್ಯಮವಾ ಅನ್ನುವ ಜಗಳ ಪ್ರತಿ ಮನೆಯಲ್ಲೂ ಇದೆ. ಸರ್ಕಾರ 2019–20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತಲ್ಲ, ಆಗ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು 2026–27ರಲ್ಲಿ ಎಂಟಕ್ಕೆ ಬರುತ್ತಾರೆ. ಹಾಗಾಗಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ವಿಭಾಗಕ್ಕೆ ಬೇಡಿಕೆ ಜಾಸ್ತಿಯಾಗುವುದು ಖಂಡಿತ. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಎಂಟನೇ ಕ್ಲಾಸಿನ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕ ತಂದು ಮಗುವಿನ ಕೈಯಲ್ಲಿ ಎರಡು ಪುಟ ಓದಿಸಿ, ಏನು ಅರ್ಥವಾಯಿತು ಅಂತ ಕನ್ನಡದಲ್ಲೇ ಹೇಳಿಸಿ. ಅರ್ಧದಷ್ಟಾದರೂ ಹೇಳಿದರೆ ಧೈರ್ಯ ಮಾಡಬಹುದು. ಜೊತೆಗೆ ಎರಡೂ ಮಾಧ್ಯಮದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರಾ, ಬೇರೆ ಬೇರೆ ಕ್ಲಾಸಾ ಅಂತ ವಿಚಾರಿಸಿ. ಶಿಕ್ಷಕರು ಕಮ್ಮಿ ಇರುವ ಕಡೆ ಒಂದೇ ಕೋಣೆ ಆಗಿಬಿಡುತ್ತದೆ, ಆಗ ಎರಡು ಕಡೆಯವರಿಗೂ ನಷ್ಟ.

ದಾರಿಯನ್ನು ಮಗುವಿನ ಜೊತೆ, ಶಾಲೆಯ ಹೊತ್ತಿನಲ್ಲೇ, ನಡೆದು ನೋಡಿ. ನಕ್ಷೆಯಲ್ಲಿ ಒಂದು ಕಿಲೋಮೀಟರ್ ಅಂತ ಇರುತ್ತದೆ, ನಡುವೆ ರೈಲ್ವೆ ಹಳಿಯೋ ದೊಡ್ಡ ರಸ್ತೆಯೋ ಬಂದರೆ ಸುತ್ತಿ ಬರಬೇಕು. ಮಳೆಗಾಲದಲ್ಲಿ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದಾ, ಸಂಜೆ ವಿಶೇಷ ತರಗತಿ ಮುಗಿಸಿ ಬರುವಾಗ ದಾರಿಯಲ್ಲಿ ದೀಪ ಇದೆಯಾ ನೋಡಿ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ, ಹಾಗಾಗಿ ಸ್ವಲ್ಪ ದೂರದ ಒಳ್ಳೆಯ ಶಾಲೆಯನ್ನೂ ಯೋಚಿಸಬಹುದು. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಮಾಡಿಸಬೇಕು.

ಸೇರಿಸುವಾಗ, ಸೇರಿಸಿದ ಮೇಲೆ

ಹಳೇ ಶಾಲೆಯಿಂದ ಟಿಸಿ, ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ), ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಇಷ್ಟು ಸಿದ್ಧ ಇಟ್ಟುಕೊಳ್ಳಿ. ಟಿಸಿಯಲ್ಲಿ ಹೆಸರಿನ ಇನಿಷಿಯಲ್, ಹುಟ್ಟಿದ ದಿನ ಆಧಾರ್ ಜೊತೆ ಹೊಂದುತ್ತದಾ ಅಂತ ಅಲ್ಲೇ ನಿಂತು ನೋಡಿ. ಹತ್ತನೇ ಕ್ಲಾಸಿನ ಅಂಕಪಟ್ಟಿಗೆ ಇದೇ ಹೆಸರು ಹೋಗುತ್ತದೆ, ಆಮೇಲೆ ತಿದ್ದಿಸಲು ಓಡಾಡುವುದು ಬಹಳ ಕಷ್ಟ.

ಶಾಲೆ ಶುರುವಾದ ಮೊದಲ ತಿಂಗಳು ವಾರಕ್ಕೊಮ್ಮೆ ಮಗುವಿನ ಗಣಿತ, ವಿಜ್ಞಾನದ ನೋಟ್ಸ್ ತೆಗೆದು ದಿನಾಂಕ ನೋಡಿ. ವಾರಗಟ್ಟಲೆ ಹೊಸ ದಿನಾಂಕವೇ ಇಲ್ಲ ಅಂದರೆ ಪಾಠ ಆಗುತ್ತಿಲ್ಲ. ಆಗ ಒಬ್ಬರೇ ಹೋಗಿ ಜಗಳ ಮಾಡುವುದಕ್ಕಿಂತ ನಾಲ್ಕು ಜನ ಪೋಷಕರು ಸೇರಿ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಅತಿಥಿ ಶಿಕ್ಷಕರನ್ನು ಕೊಡಿ ಅಂತ ಬರೆದುಕೊಡಿ. ಅರ್ಜಿಯ ನಕಲಿನ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ. ಹದಿನೈದು ದಿನ ಬಿಟ್ಟು ಅದೇ ನಕಲು ಹಿಡಿದು ಮತ್ತೆ ಹೋಗಿ.